ರೇಷ್ಮೆಗೂಡು ಬೇಯಿಸುವಿಕೆಯಲ್ಲಿ ನೀರಿನ ಉಷ್ಣಾಂಶ ನಿರ್ವಹಣೆ

ಕಬ್ಬಾಳು ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಬೆಳೆದ ರೇಷ್ಮೆಗೂಡು ಕನಕಪುರ, ರಾಮನಗರದ ಮಾರುಕಟ್ಟೆಗಳ ಮೂಲಕ ನೂಲು ಬಿಚ್ಚುವ ಘಟಕಗಳನ್ನು ಸೇರುತ್ತದೆ. ಒಂದು ಕೆ.ಜಿ. ನೂಲಿಗೆ 7 ಕೆ.ಜಿ. ಗೂಡು ಸಾಕಾಗುವಲ್ಲಿ 7.5 ಕೆ.ಜಿ. ಖರ್ಚಾದರೆ, ಪ್ರತಿ 100 ಕೆ.ಜಿ. ಗೂಡಿಗೆ ಸುಮಾರು 950 ಗ್ರಾಂ ನೂಲು ನಷ್ಟವಾಗುತ್ತದೆ. ಇಂತಹ ನಷ್ಟಕ್ಕೆ ಗೂಡನ್ನು ಸರಿಯಾಗಿ ಬೇಯಿಸದಿರುವುದೂ ಒಂದು ಮುಖ್ಯ ಕಾರಣ.

ಬೇಯಿಸುವ ಉದ್ದೇಶ

ರೇಷ್ಮೆ ಎಳೆಯ ಶೇ. 20ರಿಂದ 30ರಷ್ಟು ಭಾಗ ಸೆರಿಸಿನ್ ಎಂಬ ಅಂಟು. ಬಿಸಿನೀರಿನಲ್ಲಿ ಇದು ಮೃದುವಾದಾಗ ಮಾತ್ರ ಎಳೆ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ. ಕಡಿಮೆ ಬೆಂದರೆ ಎಳೆ ಪದೇ ಪದೇ ತುಂಡಾಗುತ್ತದೆ. ಹೆಚ್ಚು ಬೆಂದರೆ ಅಂಟು ಕರಗಿ, ಎಳೆಗಳು ಗುಂಪಾಗಿ ಎದ್ದುಬಂದು ತ್ಯಾಜ್ಯ ಹೆಚ್ಚುತ್ತದೆ.

ಗೂಡಿನೊಳಗೆ ನೀರು ಸೇರುವ ಬಗೆ

ಗೂಡಿನೊಳಗೆ ಗಾಳಿ ತುಂಬಿರುವುದರಿಂದ ನೀರು ತಾನಾಗಿ ಒಳನುಗ್ಗದು. ಬಿಸಿನೀರಿನಲ್ಲಿ ಗಾಳಿ ಹಿಗ್ಗಿ ಗುಳ್ಳೆಗಳಾಗಿ ಹೊರಬರುತ್ತದೆ. ಒಳಗೆ ನೀರಾವಿ ತುಂಬುತ್ತದೆ. ಅದೇ ಗೂಡನ್ನು ಕಡಿಮೆ ಉಷ್ಣಾಂಶದ ನೀರಿಗೆ ವರ್ಗಾಯಿಸಿದಾಗ ಆವಿ ಮತ್ತೆ ನೀರಾಗಿ, ಒಳಗಿನ ಒತ್ತಡ ಕುಸಿದು, ಹೊರಗಿನ ನೀರು ಒಳಸೇರುತ್ತದೆ. ಆದ್ದರಿಂದ ಕೆಳಗಿನ ಕ್ರಮವನ್ನು ಅನುಸರಿಸಿರಿ:

1. 50–55 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಸುಮಾರು 1 ನಿಮಿಷ ನೆನೆಸುವುದು.
2. 90–95 ಡಿಗ್ರಿ ನೀರಿನಲ್ಲಿ ಸುಮಾರು 2 ನಿಮಿಷ ಮುಳುಗಿಸಿಡುವುದು.
3. 60–65 ಡಿಗ್ರಿ ನೀರಿಗೆ ವರ್ಗಾಯಿಸಿ ಸುಮಾರು 1 ನಿಮಿಷ ಇಡುವುದು.
4. ಪುನಃ 90–95 ಡಿಗ್ರಿಯಲ್ಲಿ ಸುಮಾರು 2 ನಿಮಿಷ ಬೇಯಿಸಿ, ತಣ್ಣೀರು ಬೆರೆಸುತ್ತಾ ನಿಧಾನವಾಗಿ 65 ಡಿಗ್ರಿಗೆ ಇಳಿಸುವುದು.

ಗೂಡಿನ ಪದರ ದಪ್ಪವಾಗಿರುವ ದ್ವಿತಳಿಗೆ ಅವಧಿಯನ್ನು ಸ್ವಲ್ಪ ಹೆಚ್ಚಿಸಬೇಕು. ಮೊದಲು ಕೆಲವೇ ಗೂಡುಗಳನ್ನು ಬೇಯಿಸಿ ಪರೀಕ್ಷಿಸಿಕೊಳ್ಳಿರಿ.

ಉರಿ ಹೆಚ್ಚಿಸಿದರೆ ಬಿಸಿ ಹೆಚ್ಚದು

ನೀರು ಕುದಿಯಲಾರಂಭಿಸಿದ ನಂತರ ತೆರೆದ ಪಾತ್ರೆಯಲ್ಲಿ ಅದರ ಉಷ್ಣಾಂಶ ಏರುವುದಿಲ್ಲ. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಎತ್ತರಕ್ಕೆ ಕುದಿಬಿಂದು ಸುಮಾರು 1 ಡಿಗ್ರಿ ಇಳಿಯುವುದರಿಂದ, ಸುಮಾರು 750 ಮೀಟರ್ ಎತ್ತರದಲ್ಲಿರುವ ರಾಮನಗರದಲ್ಲಿ ನೀರು 97.5 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಅನಂತರ ನೀಡಿದ ಶಾಖವೆಲ್ಲ ಆವಿಯಾಗಿ ಹೋಗುತ್ತದೆ. ಕುದಿಯುತ್ತಿರುವ ಒಂದು ಲೀಟರ್ ನೀರನ್ನು ಆವಿಯಾಗಿಸಲು ಬೇಕಾಗುವ ಶಾಖದಿಂದ 25 ಡಿಗ್ರಿಯ ಸುಮಾರು 7 ಲೀಟರ್ ನೀರನ್ನು ಕುದಿಬಿಂದುವಿಗೆ ತರಬಹುದು. ಆದ್ದರಿಂದ ಉಷ್ಣಮಾಪಕ ಬಳಸಿ, ಕುದಿಯುವ ಮುನ್ನವೇ ಉರಿ ತಗ್ಗಿಸಿರಿ. ಸೌದೆ ಉಳಿಯುತ್ತದೆ, ಗೂಡೂ ಹೆಚ್ಚು ಬೇಯುವುದಿಲ್ಲ. ಆವಿಯು ಚರ್ಮದ ಮೇಲೆ ನೀರಾಗುವಾಗ ಇದೇ ಶಾಖವನ್ನು ಬಿಟ್ಟುಕೊಡುವುದರಿಂದ ಸುಟ್ಟಗಾಯ ತೀವ್ರವಾಗುತ್ತದೆ. ಪಾತ್ರೆಯ ಮೇಲೆ ಬಾಗಬಾರದು.

ನೀರಿನ ಗುಣಮಟ್ಟ

ಆವಿಯಾಗುವುದು ನೀರು ಮಾತ್ರ. ಲವಣಗಳು ಪಾತ್ರೆಯಲ್ಲೇ ಉಳಿಯುತ್ತವೆ. ಕೊಳವೆಬಾವಿಯ ಗಡಸು ನೀರನ್ನೇ ಮತ್ತೆ ಮತ್ತೆ ತುಂಬುತ್ತಿದ್ದರೆ ಗಡಸುತನ ಏರುತ್ತಾ ಹೋಗಿ, ಅಂಟು ಮೃದುವಾಗುವುದಕ್ಕೆ ಅಡ್ಡಿಯಾಗುತ್ತದೆ. ನೀರನ್ನು ನಿಯಮಿತವಾಗಿ ಬದಲಿಸಿರಿ; ಸಾಧ್ಯವಾದೆಡೆ ಮಳೆನೀರನ್ನು ಸಂಗ್ರಹಿಸಿ ಬಳಸಿರಿ.

ಬೆಳೆಗಾರರ ಗಮನಕ್ಕೆ

ಹುಳುಗಳು ಗೂಡು ಕಟ್ಟುವಾಗ ಚಂದ್ರಿಕೆಯ ತೇವ ಆರಿಹೋಗುವಂತೆ ಗಾಳಿಯಾಡಲು ಬಿಡಿರಿ. ತೇವದಲ್ಲಿ ಕಟ್ಟಿದ ಗೂಡಿನ ಅಂಟು ಸುಲಭವಾಗಿ ಮೃದುವಾಗದು. ಮುಂದೆ ಎಷ್ಟು ಎಚ್ಚರದಿಂದ ಬೇಯಿಸಿದರೂ ಆ ದೋಷವನ್ನು ಪೂರ್ಣವಾಗಿ ಸರಿಪಡಿಸಲಾಗದು.