ಸಹಜ ಹೆರಿಗೆಗೆ ಜೊತೆಗಾರರೊಡನೆ ಸಿದ್ಧತೆ

ಅರಿವಳಿಕೆ, ನೋವು ಬರಿಸುವ ಔಷಧ, ಶಸ್ತ್ರಕ್ರಿಯೆ ಇವುಗಳ ನೆರವನ್ನು ಅಗತ್ಯ ಬಿದ್ದಾಗಷ್ಟೇ ಪಡೆದು ಮಗುವನ್ನು ಹೆರಲು, ಗರ್ಭಿಣಿ ಮತ್ತು ಬೇನೆಯುದ್ದಕ್ಕೂ ಅವಳ ಪಕ್ಕದಲ್ಲಿರುವ ಆಪ್ತರೊಬ್ಬರು ಕೂಡಿ ಮೊದಲಿನಿಂದಲೇ ನಡೆಸುವ ತಯಾರಿ. ಜೊತೆಗಾರರು ಗಂಡನಾಗಿರಬಹುದು, ತಾಯಿ, ಅಕ್ಕ, ಅತ್ತಿಗೆ, ಗೆಳತಿ ಆಗಿರಬಹುದು, ಇದಕ್ಕೆಂದೇ ತರಬೇತಿ ಪಡೆದ ಡೌಲಾ ಆಗಿರಬಹುದು. ವೈದ್ಯರ ಅಥವಾ ನರ್ಸಿನ ಕೆಲಸ ಇವರದಲ್ಲ. ವೈದ್ಯರು ಬಂದು ನೋಡಿ ಹೋಗುತ್ತಾರೆ, ಪಾಳಿ ಮುಗಿದರೆ ನರ್ಸು ಬದಲಾಗುತ್ತಾರೆ. ಮೊದಲ ನೋವಿನಿಂದ ಮಗು ಎದೆಗೆ ಬರುವವರೆಗೆ ಬಿಡದೆ ಇರುವವರು ಜೊತೆಗಾರರು ಮಾತ್ರ. ಈ ಬಿಡದಿರುವಿಕೆಯೇ ಇಡೀ ಪದ್ಧತಿಯ ಜೀವಾಳ.

ಹಿನ್ನೆಲೆ

20ನೇ ಶತಮಾನದ ಮೊದಲರ್ಧದಲ್ಲಿ ಯುರೋಪು, ಅಮೆರಿಕಗಳಲ್ಲಿ ಹೆರಿಗೆ ಮನೆಯಿಂದ ಆಸ್ಪತ್ರೆಗೆ ಹೋಯಿತು. ಸೋಂಕು ಮತ್ತು ರಕ್ತಸ್ರಾವದ ಸಾವುಗಳನ್ನು ತಡೆಯುವಲ್ಲಿ ಇದರಿಂದ ಆದ ಉಪಕಾರ ದೊಡ್ಡದು. ಆದರೆ ತಾಯಿ ಅಲ್ಲಿ ಒಂಟಿಯಾದಳು. ಜರ್ಮನಿಯ ಫ್ರೈಬುರ್ಗ್‌ನಲ್ಲಿ ರೂಪುಗೊಂಡು ಅಮೆರಿಕದಲ್ಲಿ ಬಹುಕಾಲ ಬಳಕೆಯಲ್ಲಿದ್ದ ‘ಟ್ವಿಲೈಟ್ ಸ್ಲೀಪ್’ ಪದ್ಧತಿಯಲ್ಲಿ ಮಾರ್ಫಿನ್ ಮತ್ತು ಸ್ಕೋಪೋಲಮಿನ್ ಔಷಧಗಳನ್ನು ಕೊಡುತ್ತಿದ್ದರು. ಅವು ನೋವನ್ನು ಪೂರ್ತಿ ತೆಗೆಯುತ್ತಿರಲಿಲ್ಲ, ನೋವಿನ ನೆನಪನ್ನು ಅಳಿಸುತ್ತಿದ್ದವು. ಅಮಲಿನಲ್ಲಿ ಕೈಕಾಲು ಬಡಿಯುವವರನ್ನು ಮಂಚಕ್ಕೆ ಪಟ್ಟಿಯಿಂದ ಬಿಗಿಯುವುದೂ ಇತ್ತು. 1958ರಲ್ಲಿ ‘ಲೇಡೀಸ್ ಹೋಮ್ ಜರ್ನಲ್’ ಪತ್ರಿಕೆ ಹೆರಿಗೆ ವಾರ್ಡುಗಳಲ್ಲಿನ ಕ್ರೌರ್ಯದ ಬಗ್ಗೆ ತಾಯಂದಿರು ಬರೆದ ಪತ್ರಗಳನ್ನು ಅಚ್ಚುಹಾಕಿದಾಗ ಅಮೆರಿಕದಲ್ಲಿ ದೊಡ್ಡ ಚರ್ಚೆಯೇ ಎದ್ದಿತು. ಹೆರಿಗೆ ನಡೆಯುವಷ್ಟೂ ಹೊತ್ತು ಗಂಡಂದಿರು ಹೊರಗಿನ ಕೋಣೆಯಲ್ಲಿ ಕಾಯುತ್ತಿದ್ದರು.

ಇಂಗ್ಲೆಂಡಿನ ವೈದ್ಯ ಗ್ರಾಂಟ್ಲಿ ಡಿಕ್-ರೀಡ್ (1890–1959) ಇದಕ್ಕೆ ಮೊದಲೇ ಬೇರೆ ದಾರಿ ಸೂಚಿಸಿದ್ದರು. 1933ರ ‘ನ್ಯಾಚುರಲ್ ಚೈಲ್ಡ್‌ಬರ್ತ್’ ಪುಸ್ತಕದಲ್ಲಿ ಅವರು ಮುಂದಿಟ್ಟ ವಾದ ಸರಳ: ಹೆದರಿಕೆಯಿಂದ ಮೈ ಬಿಗಿಯುತ್ತದೆ, ಬಿಗಿತದಿಂದ ನೋವು ಹೆಚ್ಚುತ್ತದೆ, ನೋವಿನಿಂದ ಹೆದರಿಕೆ ಇನ್ನಷ್ಟು ಬಲಿಯುತ್ತದೆ. ಹೆರಿಗೆಯಲ್ಲಿ ಏನಾಗುತ್ತದೆಂದು ಮೊದಲೇ ತಿಳಿಸಿ, ಮೈ ಸಡಿಲಿಸುವುದನ್ನು ಕಲಿಸಿದರೆ ಈ ಸುತ್ತು ಮುರಿಯುತ್ತದೆ ಎಂದು ಅವರು ನಂಬಿದ್ದರು. ನೋವೆಲ್ಲ ಹೆದರಿಕೆಯಿಂದಲೇ ಬರುತ್ತದೆಂಬ ಅತಿಗೆ ಅವರ ಬರಹ ಹಲವೆಡೆ ಜಾರುತ್ತದೆ, ಅದನ್ನು ಒಪ್ಪಲಾಗದು. ಹೆದರದ ಹೆಂಗಸಿಗೂ ಬೇನೆ ಬೇನೆಯೇ. ಆದರೂ ಭಯದಲ್ಲಿ ಹೆಚ್ಚುವ ಅಡ್ರಿನಲಿನ್, ಗರ್ಭಕೋಶವನ್ನು ಕುಗ್ಗಿಸುವ ಆಕ್ಸಿಟೋಸಿನ್‌ನ ಕೆಲಸಕ್ಕೆ ಅಡ್ಡಿಯಾಗಬಲ್ಲದು ಎಂಬ ಇಂದಿನ ತಿಳಿವಳಿಕೆ ಅವರ ಮಾತಿನ ತಿರುಳಿಗೆ ಹತ್ತಿರವಾಗಿದೆ.

ಫ್ರಾನ್ಸಿನ ಪ್ರಸೂತಿ ವೈದ್ಯ ಫೆರ್ನಾಂ ಲಮಾಝ್ 1951ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋದಾಗ, ಪಾವ್ಲೋವ್‌ನ ಅಭ್ಯಾಸಜನ್ಯ ಪ್ರತಿಕ್ರಿಯೆಯ ಸಿದ್ಧಾಂತವನ್ನು ಆಧರಿಸಿ ಗರ್ಭಿಣಿಯರಿಗೆ ತರಬೇತಿ ಕೊಡುವುದನ್ನು ಕಂಡರು. ಅದನ್ನು ಪ್ಯಾರಿಸ್ಸಿನಲ್ಲಿ ಲೋಹ ಕಾರ್ಮಿಕರ ಸಂಘದ ಆಸ್ಪತ್ರೆಗೆ ತಂದು, ಉಸಿರಾಟದ ಕ್ರಮಗಳನ್ನು ಬೆಳೆಸಿದರು. ಅಲ್ಲಿ ಹೆತ್ತ ಅಮೆರಿಕನ್ ಮಹಿಳೆ ಮಾರ್ಜರಿ ಕಾರ್ಮೆಲ್ 1959ರಲ್ಲಿ ತಮ್ಮ ಅನುಭವವನ್ನು ಪುಸ್ತಕವಾಗಿ ಬರೆದರು. ಮರುವರ್ಷ ಅವರೂ ಎಲಿಜಬೆತ್ ಬಿಂಗ್ ಅವರೂ ಸೇರಿ ನ್ಯೂಯಾರ್ಕ್‌ನಲ್ಲಿ ಈ ಪದ್ಧತಿಗಾಗಿ ಸಂಸ್ಥೆ ಕಟ್ಟಿದರು.

ಬ್ರಾಡ್ಲಿ ವಿಧಾನ

ಗಂಡನನ್ನು ಹೊರಗಿನ ಕೋಣೆಯಿಂದ ಎಬ್ಬಿಸಿ ಒಳಗೆ ಕರೆತಂದವರಲ್ಲಿ ಮುಖ್ಯರು ಡೆನ್ವರ್ ನಗರದ ಪ್ರಸೂತಿ ವೈದ್ಯ ರಾಬರ್ಟ್ ಬ್ರಾಡ್ಲಿ. ಹೊಲಮನೆಯಲ್ಲಿ ಬೆಳೆದ ಅವರು ಪ್ರಾಣಿಗಳು ಈಯುವುದನ್ನು ಕಂಡಿದ್ದರು. ಕತ್ತಲು, ಏಕಾಂತ, ನಿಶ್ಶಬ್ದ, ಮೈಗೆ ಹಿತವಾದ ಭಂಗಿ, ಪೂರ್ತಿ ಸಡಿಲಗೊಂಡ ಸ್ನಾಯುಗಳು, ಮುಚ್ಚಿದ ಕಣ್ಣು, ನಿಧಾನವಾದ ಉಸಿರು ಇಷ್ಟೂ ಹೆಂಗಸಿಗೂ ಬೇಕು ಎಂಬುದು ಅವರ ನಿಲುವು. ಇವನ್ನು ಕಾಯುವ ಹೊಣೆಯನ್ನು ಅವರು ಗಂಡನಿಗೆ ಒಪ್ಪಿಸಿದರು. 1965ರಲ್ಲಿ ಬಂದ ಅವರ ಪುಸ್ತಕದ ಹೆಸರೇ ‘ಹಸ್ಬಂಡ್-ಕೋಚ್ಡ್ ಚೈಲ್ಡ್‌ಬರ್ತ್’. ಅದನ್ನನುಸರಿಸಿ 12 ತರಗತಿಗಳ ಪಾಠಕ್ರಮ ಬೆಳೆಯಿತು. ಗಂಡ ಹೆಂಡತಿ ಇಬ್ಬರೂ ತರಗತಿಗೆ ಬರಬೇಕು, ಮನೆಯಲ್ಲಿ ದಿನವೂ ಅಭ್ಯಾಸ ಮಾಡಬೇಕು. ಬ್ರಾಡ್ಲಿ ಹೇಳಿಕೊಂಡ ಯಶಸ್ಸಿನ ಪ್ರಮಾಣ ಅವರದೇ ರೋಗಿಗಳ ಲೆಕ್ಕದಿಂದ ಬಂದದ್ದು ಎಂಬುದನ್ನು ಓದುಗರು ಮರೆಯಬಾರದು.

ಈ ವಿಧಾನದ ಅತ್ಯಂತ ಉಪಯುಕ್ತ ಕೊಡುಗೆಯೆಂದರೆ, ತಾಯಿಯ ಮನಸ್ಸಿನ ಸ್ಥಿತಿಯಿಂದಲೇ ಬೇನೆ ಎಲ್ಲಿಗೆ ಬಂದಿದೆ ಎಂದು ಗುರುತಿಸುವ ಕ್ರಮ. ಶುರುವಿನಲ್ಲಿ ಅವಳಲ್ಲಿ ಸಂಭ್ರಮವಿರುತ್ತದೆ: ಮಾತಾಡುತ್ತಾಳೆ, ನಗುತ್ತಾಳೆ, ಫೋನ್ ಮಾಡುತ್ತಾಳೆ. ನೋವು ಬಲಿತಂತೆ ಮಾತು ನಿಲ್ಲುತ್ತದೆ, ತಮಾಷೆ ಸಹಿಸುವುದಿಲ್ಲ, ಒಳಮುಖಳಾಗುತ್ತಾಳೆ. ಕೊನೆಗೆ ಬರುವುದು ತನ್ನ ಮೇಲೇ ಅನುಮಾನ. “ನನ್ನ ಕೈಲಾಗಲ್ಲ, ಆಪರೇಷನ್ನೇ ಮಾಡಿಬಿಡಿ ಅನ್ನಿ” ಎಂದು ಅಳುತ್ತಾಳೆ, ನಡುಗುತ್ತಾಳೆ, ಕೆಲವರಿಗೆ ವಾಂತಿಯೂ ಆಗುತ್ತದೆ. ಗರ್ಭಕೋಶದ ಬಾಯಿ ಪೂರ್ತಿ, ಅಂದರೆ 10 ಸೆಂಟಿಮೀಟರ್ ತೆರೆಯುವ ಮುನ್ನಿನ ಘಟ್ಟದಲ್ಲಿ ಹೀಗಾಗುವುದು ಸಾಮಾನ್ಯ. ಇದನ್ನು ಅರಿಯದ ಜೊತೆಗಾರರು ಗಾಬರಿಯಾಗುತ್ತಾರೆ, ಆ ಗಾಬರಿ ಅವಳಿಗೂ ತಗಲುತ್ತದೆ. ಅರಿತವರು ಅವಳ ಮುಖದ ಹತ್ತಿರ ಬಗ್ಗಿ, “ಇದು ಕೊನೆಯ ಘಟ್ಟ, ಈ ಒಂದು ನೋವು ದಾಟಿಸೋಣ, ಮುಂದಿನದು ಆಮೇಲೆ” ಎಂದು ಹೇಳಬಲ್ಲರು. ಹಾಗೆಂದು ಅವಳು ನಿಜವಾಗಿಯೂ ನೋವುನಿವಾರಕ ಬೇಕೆಂದು ಮತ್ತೆ ಮತ್ತೆ ಕೇಳಿದರೆ, ಆ ಮಾತನ್ನು ವೈದ್ಯರಿಗೆ ಮುಟ್ಟಿಸುವುದೂ ಜೊತೆಗಾರರ ಕರ್ತವ್ಯವೇ. ಮೈ ಅವಳದು, ತೀರ್ಮಾನವೂ ಅವಳದು.

ಬಸುರಿನ ತಿಂಗಳುಗಳಲ್ಲಿ

ತಯಾರಿ ಊಟದಿಂದ, ರಕ್ತದಿಂದ ಶುರುವಾಗಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇತ್ತು. ರಕ್ತ ಕಡಿಮೆಯಿರುವ ತಾಯಿಗೆ ಹೆರಿಗೆಯ ಸಾಧಾರಣ ರಕ್ತಸ್ರಾವವೂ ಅಪಾಯ ತರಬಲ್ಲದು. ಸರ್ಕಾರ ಕೊಡುವ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ಬಸುರಿನಲ್ಲಿ 180 ದಿನ ತಪ್ಪದೆ ನುಂಗಬೇಕು. ಕಾಫಿ, ಟೀ ಜೊತೆಗೆ ತೆಗೆದುಕೊಂಡರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ನಿಂಬೆಹಣ್ಣಿನ ಪಾನಕದ ಜೊತೆ ಒಳ್ಳೆಯದು. ದಿನವೂ ನೆನಪಿಸಿ ಮಾತ್ರೆ ಕೈಗಿಡುವ ಗಂಡ ಉಸಿರಾಟದ ಪಾಠಕ್ಕಿಂತ ಮೊದಲು ಮಾಡಬೇಕಾದ ಕೆಲಸ ಮಾಡಿದ ಹಾಗೆ.

ನಡಿಗೆ, ಚಕ್ಕಳಮಕ್ಕಳ ಹಾಕಿ ಕೂರುವುದು, ಆಸರೆ ಹಿಡಿದು ಕುಕ್ಕರಗಾಲಲ್ಲಿ ಕೂತೇಳುವುದು, ಮೂತ್ರ ತಡೆಹಿಡಿಯುವಾಗ ಬಿಗಿಯಾಗುವ ತಳಸ್ನಾಯುಗಳನ್ನು ಬಿಗಿದು ಸಡಿಲಿಸುವುದು ಇವು ಸಾಮಾನ್ಯವಾಗಿ ಹೇಳಿಕೊಡುವ ವ್ಯಾಯಾಮಗಳು. 28 ವಾರಗಳ ನಂತರ ಪಕ್ಕಕ್ಕೆ ತಿರುಗಿ ಮಲಗುವುದು ಲೇಸು.

ಮೈ ಸಡಿಲಿಸುವ ಅಭ್ಯಾಸಕ್ಕೆ ಇಬ್ಬರೂ ಬೇಕು. ಮಂಡಿಗಳ ನಡುವೆ ದಿಂಬಿಟ್ಟು ಅವಳು ಎಡಮಗ್ಗುಲಾಗಿ ಮಲಗುತ್ತಾಳೆ. ಜೊತೆಗಾರರು ಹಣೆ, ದವಡೆ, ಭುಜ, ಅಂಗೈ ಒಂದೊಂದನ್ನೇ ಮೆಲ್ಲನೆ ಮುಟ್ಟುತ್ತಾರೆ. ಮುಟ್ಟಿದ ಜಾಗವನ್ನು ಅವಳು ಸಡಿಲ ಬಿಡುತ್ತಾಳೆ. ದವಡೆಯನ್ನು ವಿಶೇಷವಾಗಿ ಗಮನಿಸಬೇಕು, ಹಲ್ಲು ಕಚ್ಚಿದವಳು ಮೈಯನ್ನೂ ಬಿಗಿಹಿಡಿದಿರುತ್ತಾಳೆ. ವಾರಗಟ್ಟಲೆ ಹೀಗೆ ಮಾಡಿದರೆ ಬೇನೆಯ ನಡುವೆ ಮಾತಿಲ್ಲದೆ ಭುಜದ ಮೇಲೊಂದು ಕೈ ಇಟ್ಟರೆ ಸಾಕಾಗುತ್ತದೆ. ಅದೇ ಅಭ್ಯಾಸವನ್ನು ಹೆರಿಗೆಯ ದಿನವೇ ಹೊಸದಾಗಿ ಕಲಿಸಹೊರಟರೆ ಅವಳಿಗೆ ಕಿರಿಕಿರಿಯಾಗುವುದೇ ಹೆಚ್ಚು.

ಇನ್ನುಳಿದದ್ದು ಆಸ್ಪತ್ರೆಯ ವಿಚಾರ. ಹೆರಿಗೆ ಕೋಣೆಯೊಳಗೆ ಯಾರನ್ನು ಬಿಡುತ್ತಾರೆ, ಓಡಾಡಲು ಅವಕಾಶವಿದೆಯೇ, ರಾತ್ರಿ ಸಿಸೇರಿಯನ್ ಮಾಡುವ ಸೌಲಭ್ಯ ಮತ್ತು ರಕ್ತದ ವ್ಯವಸ್ಥೆ ಇದೆಯೇ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ತಾಯಿ ಕಾರ್ಡ್, ಸ್ಕ್ಯಾನ್ ವರದಿಗಳು ಒಂದೇ ಚೀಲದಲ್ಲಿರಲಿ. 108 ಆಂಬುಲೆನ್ಸ್ ಬರುವುದು ತಡವಾದರೆ ಬೇರೆ ವಾಹನ ಯಾವುದೆಂದೂ ಗೊತ್ತಿರಲಿ.

ಬೇನೆಯ ಹೊತ್ತು

ಸುಳ್ಳುನೋವು ನಡೆದಾಡಿದರೆ, ಮಲಗಿದರೆ ಕಡಿಮೆಯಾಗುವುದುಂಟು. ನಿಜವಾದ ಬೇನೆ ಬರಬರುತ್ತ ಹತ್ತಿರವಾಗುತ್ತ, ಬಲವಾಗುತ್ತ ಹೋಗುತ್ತದೆ. ಚೊಚ್ಚಲ ಹೆರಿಗೆಯಲ್ಲಿ, ಬೇರೆ ತೊಂದರೆಯಿಲ್ಲದಿದ್ದರೆ, ಐದು ನಿಮಿಷಕ್ಕೊಮ್ಮೆ ಬಂದು ಒಂದು ನಿಮಿಷದಷ್ಟು ಇರುವ ನೋವು ಒಂದು ಗಂಟೆ ಮುಂದುವರಿದಾಗ ಹೊರಡುವುದು ವಾಡಿಕೆ. ಆಸ್ಪತ್ರೆ ದೂರವಿದ್ದರೆ, ಎರಡನೆಯ ಹೆರಿಗೆಯಾದರೆ, ಅಷ್ಟು ಕಾಯಬಾರದು.

ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದ ಮೇಲಷ್ಟೇ ಬೇನೆಯ ಚುರುಕಿನ ಹಂತ ಶುರುವಾಯಿತೆಂದು ಪರಿಗಣಿಸುತ್ತದೆ. ಗಂಟೆಗೆ 1 ಸೆಂಟಿಮೀಟರ್ ತೆರೆಯಲೇಬೇಕೆಂಬ ಹಳೆಯ ಅಳತೆಗೋಲನ್ನು ಅದು ಕೈಬಿಟ್ಟಿದೆ. ತಾಯಿ ಬಯಸಿದ ಜೊತೆಗಾರರು ಬೇನೆ ಮತ್ತು ಹೆರಿಗೆಯುದ್ದಕ್ಕೂ ಇರಬೇಕು, ಅಪಾಯ ಕಡಿಮೆಯಿರುವ ತಾಯಿಗೆ ನೀರು, ಆಹಾರ ಕೊಡಬಹುದು, ಓಡಾಡಲು, ನೆಟ್ಟಗಿರಲು ಪ್ರೋತ್ಸಾಹಿಸಬೇಕು ಎನ್ನುತ್ತದೆ. ಎಲ್ಲರಿಗೂ ಎನಿಮಾ ಕೊಡುವುದು, ಕೂದಲು ಬೋಳಿಸುವುದು, ಯೋನಿಯ ಬಳಿ ಕೊಯ್ಯುವುದು, ಹೊಟ್ಟೆಯ ಮೇಲಿಂದ ಮಗುವನ್ನು ಒತ್ತಿ ತಳ್ಳುವುದು ಇವುಗಳನ್ನು ಬೇಡವೆಂದಿದೆ.

ಜೊತೆಗಾರರ ಕೆಲಸಗಳಲ್ಲಿ ತಕ್ಷಣ ಫಲ ಕಾಣುವುದು ಸೊಂಟದ ಒತ್ತುವಿಕೆ. ಮಗುವಿನ ಮುಖ ತಾಯಿಯ ಹೊಟ್ಟೆಯ ಕಡೆಗಿದ್ದು, ತಲೆಯ ಹಿಂಭಾಗ ಅವಳ ಬೆನ್ನಮೂಳೆಗೆ ಒತ್ತಿದರೆ ನೋವೆಲ್ಲ ಸೊಂಟಕ್ಕೆ ಇಳಿಯುತ್ತದೆ. ಆಗ ಅವಳು ಮಂಚದ ಅಂಚಿಗೆ ಒರಗಿ ಬಾಗಿ ನಿಲ್ಲಬಹುದು, ಅಥವಾ ಮಂಡಿಯೂರಿ ಅಂಗೈ ಊರಬಹುದು. ಜೊತೆಗಾರರು ಅಂಗೈಯ ಬುಡವನ್ನು ಸೊಂಟದ ಕೆಳಗಿನ ಚಪ್ಪಟೆ ಮೂಳೆಯ ಮೇಲಿಟ್ಟು, ಮೊಣಕೈ ನೆಟ್ಟಗೆ ಮಾಡಿ, ತೋಳಿನ ಬಲದಿಂದಲ್ಲ, ಮೈಭಾರದಿಂದ ಒತ್ತಬೇಕು. ನೋವು ಏಳುವಾಗ ಶುರುಮಾಡಿ, ಇಳಿಯುವವರೆಗೆ ಒಂದೇ ಸಮ ಹಿಡಿದಿರಬೇಕು. ಎಷ್ಟು ಬಲ ಬೇಕೆಂದು ಹೇಳುವವಳು ಅವಳೇ, ಹೆಚ್ಚಿನವರು “ಇನ್ನೂ ಗಟ್ಟಿಯಾಗಿ” ಎಂದೇ ಕೇಳುತ್ತಾರೆ. ಬಿಸಿನೀರಿನ ಚೀಲ, ಬೆಚ್ಚಗಿನ ನೀರಿನ ಸ್ನಾನವೂ ಹಿತ. ಅವಳ ಉಸಿರು ಅತಿ ಬಿರುಸಾಗಿ ತಲೆಸುತ್ತು ಬಂದರೆ, ಬೆರಳು ಜುಮುಗುಟ್ಟಿದರೆ, ಅವಳ ಮುಂದೆ ಕೂತು ತಾವೇ ನಿಧಾನವಾಗಿ ಉಸಿರಾಡಿ ತೋರಿಸಬೇಕು.

ಗರ್ಭಕೋಶದ ಬಾಯಿ ಪೂರ್ತಿ ತೆರೆದ ಮೇಲೆ ಮುಕ್ಕುವ ಹಂತ. ಚೊಚ್ಚಲಿನಲ್ಲಿ ಇದು ಸಾಮಾನ್ಯವಾಗಿ ಮೂರು ಗಂಟೆಯೊಳಗೆ ಮುಗಿಯುತ್ತದೆ. ಸುತ್ತಲಿನವರೆಲ್ಲ ಒಟ್ಟಿಗೆ ಕೂಗುವುದಕ್ಕಿಂತ, ಅವಳಿಗೇ ಮುಕ್ಕಬೇಕೆನಿಸಿದಾಗ ಮುಕ್ಕಲು ಬಿಡುವುದು ಮೇಲು.

ಪುರಾವೆ

1980ರಲ್ಲಿ ಕ್ಲಾಸ್, ಕೆನೆಲ್ ಮತ್ತು ಸಂಗಡಿಗರು ಗ್ವಾಟೆಮಾಲಾದ ಆಸ್ಪತ್ರೆಯೊಂದರ ಅಧ್ಯಯನ ಪ್ರಕಟಿಸಿದರು. ತರಬೇತಿಯಿಲ್ಲದ, ಪರಿಚಯವೂ ಇಲ್ಲದ ಹೆಂಗಸೊಬ್ಬಳು ಪಕ್ಕದಲ್ಲಿ ಕೂತು ಕೈಹಿಡಿದು, ಬೆನ್ನು ನೀವಿ, ಮಾತಾಡಿಸಿದ ತಾಯಂದಿರ ಬೇನೆ ಸರಾಸರಿ 8.8 ಗಂಟೆ ಇತ್ತು; ಒಂಟಿಯಾಗಿದ್ದವರದು 19.3 ಗಂಟೆ. ಆ ಗುಂಪು ಚಿಕ್ಕದು. 17 ದೇಶಗಳ 15,000ಕ್ಕೂ ಹೆಚ್ಚು ತಾಯಂದಿರನ್ನು ಒಳಗೊಂಡ 26 ಪ್ರಯೋಗಗಳನ್ನು ಒಟ್ಟುಗೂಡಿಸಿದ 2017ರ ಕಾಕ್ರೇನ್ ಪರಾಮರ್ಶೆಯಲ್ಲಿ ಅಂತರ ಇಷ್ಟು ದೊಡ್ಡದಿಲ್ಲ: ಬೇನೆ ಸುಮಾರು 40 ನಿಮಿಷ ಕಡಿಮೆ, ಸಿಸೇರಿಯನ್ ಸಾಧ್ಯತೆ ಸುಮಾರು ಕಾಲು ಭಾಗ ಕಡಿಮೆ. ಸಿಸೇರಿಯನ್ ತಗ್ಗಿದ್ದು ಹೆಚ್ಚಾಗಿ ಡೌಲಾ ಇದ್ದಲ್ಲಿ. ಮನೆಯವರು ಜೊತೆಗಿದ್ದಾಗ ಎದ್ದು ಕಂಡದ್ದು ತಾಯಿಯ ಸಮಾಧಾನ. ಬರೀ ಪಕ್ಕದಲ್ಲಿ ನಿಲ್ಲುವುದು ಬೇರೆ, ಕೆಲಸ ಕಲಿತು ನಿಲ್ಲುವುದು ಬೇರೆ ಎಂದು ಇದರಿಂದ ಊಹಿಸಬಹುದು.

ಭಾರತ ಮತ್ತು ಕರ್ನಾಟಕ

ಕನ್ನಡ ನಾಡಿನಲ್ಲಿ ಜೊತೆಗಾರರ ಜಾಗ ಹಿಂದಿನಿಂದಲೂ ಹೆಂಗಸರದು. ಚೊಚ್ಚಲ ಹೆರಿಗೆ ತವರಿನಲ್ಲಿ. ತಾಯಿ, ದೊಡ್ಡಮ್ಮ, ಸೂಲಗಿತ್ತಿ ಸುತ್ತ ಇರುತ್ತಿದ್ದರು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದವರು; 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರ್ 25ರಂದು ತೀರಿಕೊಂಡರು. ಈಗ ರಾಜ್ಯದ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ, ಅದು ಆಗಬೇಕಾದದ್ದೇ. ಆದರೆ ತವರಿನ ಹೆಂಗಸರು ವಾರ್ಡಿನ ಬಾಗಿಲಲ್ಲೇ ಉಳಿದರು, ಗಂಡನಿಗಂತೂ ಮೊದಲೇ ಜಾಗವಿರಲಿಲ್ಲ. ಸಿಸೇರಿಯನ್ ಪ್ರಮಾಣ ರಾಜ್ಯದಲ್ಲಿ 2019–21ರ ಸಮೀಕ್ಷೆಯಂತೆ ನೂರಕ್ಕೆ 31.5, ದೇಶದ ಸರಾಸರಿ 21.5.

ಸರ್ಕಾರಿ ಆಸ್ಪತ್ರೆಗಳಲ್ಲಿ ಜೊತೆಗಾರರಿಗೆ ಅವಕಾಶ ಕೊಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಸೂಚಿಸಿತು. ಜೊತೆಗಾರ್ತಿ ತಾನೇ ಬೇನೆ ಉಂಡವಳಾಗಿರಬೇಕು, ಸೋಂಕಿನ ಕಾಯಿಲೆ ಇರಬಾರದು, ಬಟ್ಟೆ ಶುಚಿಯಾಗಿರಬೇಕು, ಚಿಕಿತ್ಸೆಯಲ್ಲಿ ತಲೆಹಾಕಬಾರದು, ಕೋಣೆಯ ಬೇರೆ ಹೆಂಗಸರನ್ನು ನೋಡಿಕೊಳ್ಳಹೋಗಬಾರದು ಎಂಬ ನಿಯಮಗಳಿವೆ. ಮರೆಯ ವ್ಯವಸ್ಥೆ ಇರುವಲ್ಲಿ ಗಂಡನೂ ಬರಬಹುದು. 2017ರ ‘ಲಕ್ಷ್ಯ’ ಕಾರ್ಯಕ್ರಮ ಹೆರಿಗೆ ಕೋಣೆಯಲ್ಲಿ ಏಕಾಂತ ಮತ್ತು ಗೌರವದ ಆರೈಕೆಗೆ ಒತ್ತುಕೊಟ್ಟಿದೆ. ಸಾಲು ಮಂಚಗಳ ನಡುವೆ ಒಂದು ಪರದೆಯ ಕೊರತೆಯಿಂದ ಒಬ್ಬ ತಾಯಿಗೆ ಗಂಡನ ಆಸರೆ ತಪ್ಪುವುದು ತೀರ ಸುಲಭವಾಗಿ ಸರಿಪಡಿಸಬಹುದಾದ ಅನ್ಯಾಯ. ಅಮ್ಮನೇ ಬೇಕು, ಗಂಡ ಬೇಡ ಎನ್ನುವವಳ ಮಾತಿಗೂ ಅಷ್ಟೇ ಬೆಲೆಯಿರಬೇಕು.

ಮಿತಿಗಳು

ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿದ್ದರೆ, ಮಗು ಅಡ್ಡಲಾಗಿ ಉಳಿದರೆ ಸಿಸೇರಿಯನ್ನೇ ದಾರಿ. ಏರಿದ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹಿಂದಿನ ಸಿಸೇರಿಯನ್ ಇದ್ದವರು ವೈದ್ಯರ ನಿಗಾದಲ್ಲೇ ತೀರ್ಮಾನಿಸಬೇಕು. ರಕ್ತ ಹೋಗುವುದು, ತಲೆನೋವಿನ ಜೊತೆ ಕಣ್ಣು ಮಂಜಾಗುವುದು, ಫಿಟ್ಸ್, ಜ್ವರ, ಹಸಿರು ಬಣ್ಣದ ನೀರು, ಮಗುವಿನ ಅಲುಗಾಟ ಕಡಿಮೆಯಾಗುವುದು, 37 ವಾರಕ್ಕೆ ಮೊದಲೇ ನೋವು ಇವುಗಳಲ್ಲಿ ಯಾವುದು ಕಂಡರೂ ಆಸ್ಪತ್ರೆಗೆ ಓಡಬೇಕು. ಸಿಸೇರಿಯನ್ ಆದ ತಾಯಿ ಸೋತವಳಲ್ಲ ಎಂಬುದನ್ನು ತಯಾರಿಯ ದಿನಗಳಲ್ಲೇ ಇಬ್ಬರೂ ಮಾತಾಡಿಕೊಂಡಿರಬೇಕು. ಆಮೇಲೆ ಹೇಳಿದರೆ ಅದು ಬರಿಯ ಸಾಂತ್ವನವಾಗಿ ಕೇಳಿಸುತ್ತದೆ.

ಹೆರಿಗೆಯ ನಂತರ ಹೊಕ್ಕುಳಬಳ್ಳಿಯನ್ನು ಕನಿಷ್ಠ ಒಂದು ನಿಮಿಷ ಬಿಟ್ಟು ಕತ್ತರಿಸುವುದು, ಮೊದಲ ಒಂದು ಗಂಟೆ ಮಗುವನ್ನು ತಾಯಿಯ ಬರಿಮೈಗೆ ತಾಗಿಸಿಟ್ಟು ಹಾಲೂಡಿಸಲು ನೆರವಾಗುವುದು ಶಿಫಾರಸಾಗಿದೆ. ತಾಯಿಗೆ ಆಗದಿದ್ದರೆ ತಂದೆಯ ಎದೆಯ ಮೇಲೂ ಮಗುವನ್ನಿಡಬಹುದು. ಮೊದಲ ದಿನ ಪ್ಯಾಡ್ ಬೇಗಬೇಗನೆ ತೊಯ್ದರೆ, ಬಾಣಂತಿ ಬಿಳಿಚಿಕೊಂಡು ಬೆವರಿದರೆ ತಕ್ಷಣ ನರ್ಸನ್ನು ಕರೆಯಬೇಕು. ಅಳು, ನಿದ್ರೆಗೇಡು, ಮಗುವಿನ ಮೇಲೆ ನಿರಾಸಕ್ತಿ ಎರಡು ವಾರ ದಾಟಿಯೂ ಉಳಿದರೆ ಅದು ಬಾಣಂತನದ ಖಿನ್ನತೆಯಿರಬಹುದು. ಅದನ್ನು ಮೊದಲು ಗಮನಿಸುವವರು ಸಾಮಾನ್ಯವಾಗಿ ಬೇನೆಯಲ್ಲಿ ಜೊತೆಗಿದ್ದವರೇ ಆದ್ದರಿಂದ, ವೈದ್ಯರ ಬಳಿಗೆ ಕರೆದೊಯ್ಯುವ ಹೊಣೆಯೂ ಅವರ ಪಾಲಿಗೆ ಸೇರುತ್ತದೆ.