ಕಾರು ತಿಜೋರಿಯಲ್ಲ: ಗಾಜು ಒಡೆಯುವ ಕಳ್ಳರಿಂದ ಸೊತ್ತು, ದಾಖಲೆಗಳ ರಕ್ಷಣೆ ಹೇಗೆ?

ಬೆಂಗಳೂರಿನಂಥ ನಗರಗಳಲ್ಲಿ ನಿಲ್ಲಿಸಿದ ಕಾರಿನ ಗಾಜು ಒಡೆದು ಬ್ಯಾಗು ಕದ್ದೊಯ್ಯುವ ಪ್ರಕರಣಗಳು ಹೊಸತಲ್ಲ. ಬ್ಯಾಗು ಕಳೆದುಕೊಂಡವರು ಸಾಮಾನ್ಯವಾಗಿ ಮೊದಲು ಲೆಕ್ಕ ಹಾಕುವುದು ಲ್ಯಾಪ್‌ಟಾಪಿನ ಬೆಲೆಯನ್ನು. ಆದರೆ ಒಡೆದ ಗಾಜನ್ನು ಬದಲಿಸಬಹುದು, ಲ್ಯಾಪ್‌ಟಾಪನ್ನು ಮತ್ತೆ ಕೊಳ್ಳಬಹುದು. ಅದೇ ಬ್ಯಾಗಿನಲ್ಲಿದ್ದ ಮೂಲ ಅಂಕಪಟ್ಟಿ, ಕ್ರಯಪತ್ರ, ಸಹಿ ಮಾಡಿದ ಚೆಕ್ಕು, ಆಧಾರ್ ಕಾರ್ಡು ಹಾಗೂ ಮನೆಯ ಬೀಗದ ಕೈಗಳ ಬೆಲೆ ತಿಳಿಯುವುದು ತಿಂಗಳುಗಳ ನಂತರ. ಕಳ್ಳನಿಗೆ ಬೇಡವಾದ ಕಾಗದವೇ ಮಾಲೀಕನಿಗೆ ಅತಿ ದೊಡ್ಡ ನಷ್ಟವಾಗುವುದುಂಟು. ಕಾರಿನಲ್ಲಿ ಏನನ್ನು ಇಡಬಹುದು, ಏನನ್ನು ಇಡಬಾರದು, ಕಳವಾದರೆ ಯಾವ ಕೆಲಸ ಮೊದಲು, ಯಾವುದು ನಂತರ ಎಂಬುದರ ವಿವರ ಇಲ್ಲಿದೆ.

ಗಾಜಿನಾಚೆಯ ಸಾಮಾನು

ಕಾರಿನ ಮುಂದಿನ ಗಾಜು ಎರಡು ಪದರಗಳ ನಡುವೆ ಪ್ಲಾಸ್ಟಿಕ್ ಹಾಳೆಯನ್ನಿಟ್ಟು ತಯಾರಿಸಿದ್ದು. ಬಿರುಕು ಬಿಟ್ಟರೂ ಅದು ಸುಲಭವಾಗಿ ಉದುರುವುದಿಲ್ಲ. ಪಕ್ಕದ ಕಿಟಕಿಗಳಿಗೆ ಬಹುತೇಕ ಕಾರುಗಳಲ್ಲಿ ಬಳಸುವುದು ಕಾಯಿಸಿ ಹದಗೊಳಿಸಿದ ಗಾಜು. ಅಪಘಾತದಲ್ಲಿ ಚೂಪಾದ ತುಂಡುಗಳು ಚುಚ್ಚದಿರಲೆಂದು ಅದು ಸಣ್ಣ ಹರಳುಗಳಾಗಿ ಪುಡಿಯಾಗುವಂತೆ ಮಾಡಲಾಗಿದೆ. ಪ್ರಯಾಣಿಕರ ಪ್ರಾಣರಕ್ಷಣೆಗಾಗಿರುವ ಈ ಗುಣವೇ ಕಳ್ಳನಿಗೆ ಅನುಕೂಲ. ಗಟ್ಟಿಯಾದ ವಸ್ತುವಿನ ಒಂದು ಪೆಟ್ಟು ಸಾಕು, ಬ್ಯಾಗು ಹೊರಬರಲು ಕೆಲವೇ ಸೆಕೆಂಡುಗಳು ಸಾಕು. ಎಚ್ಚರಿಕೆಯ ಸೈರನ್ ಕೂಗಿದರೂ ಜನ ತಿರುಗಿ ನೋಡುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ಕಪ್ಪು ಫಿಲ್ಮ್ ಅಂಟಿಸಿ ಒಳಗಿನದನ್ನು ಮರೆಮಾಡುವುದಕ್ಕೂ ಕಾನೂನಿನ ಅಡ್ಡಿಯಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮುಂದಿನ ಹಾಗೂ ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ. 70, ಪಕ್ಕದ ಗಾಜುಗಳಲ್ಲಿ ಕನಿಷ್ಠ ಶೇ. 50ರಷ್ಟು ಬೆಳಕು ಹಾಯಬೇಕು. ಕಪ್ಪು ಫಿಲ್ಮ್‌ಗಳ ವಿರುದ್ಧ ಸುಪ್ರೀಂ ಕೋರ್ಟ್ 2012ರ ಏಪ್ರಿಲ್‌ನಲ್ಲಿಯೇ ಕಟ್ಟುನಿಟ್ಟಿನ ಆದೇಶ ನೀಡಿತ್ತು. ಆದ್ದರಿಂದ ಆಸನದ ಮೇಲಿಟ್ಟ ವಸ್ತುವೆಂದರೆ ದಾರಿಹೋಕರ ಕಣ್ಣಿಗೆ ಬಿದ್ದ ವಸ್ತುವೆಂದೇ ತಿಳಿಯಬೇಕು. ಖಾಲಿ ಬ್ಯಾಗು, ಮೊಬೈಲ್ ಚಾರ್ಜರಿನ ವೈರು, ಅಂಗಡಿಯ ಕೈಚೀಲ ಇವೂ ಕಳ್ಳನನ್ನು ಆಕರ್ಷಿಸುತ್ತವೆ. ಬ್ಯಾಗು ಖಾಲಿಯೆಂದು ಅವನಿಗೆ ಗೊತ್ತಾಗುವುದು ಗಾಜು ಒಡೆದ ನಂತರವೇ.

ಗಮನ ಬೇರೆಡೆ ಸೆಳೆಯುವ ತಂತ್ರ

ಎಲ್ಲ ಕಳವುಗಳಿಗೂ ಗಾಜು ಒಡೆಯಬೇಕಿಲ್ಲ. ಮಾಲೀಕನೇ ಬಾಗಿಲು ತೆರೆಯುವಂತೆ ಮಾಡುವುದು ಇನ್ನೊಂದು ಬಗೆ. ಬೆಂಗಳೂರು ಪೊಲೀಸರು ಅನೇಕ ವರ್ಷಗಳಿಂದ ಎಚ್ಚರಿಸುತ್ತ ಬಂದಿರುವ ಈ ಬಗೆಯ ಮೋಸಗಳ ಮಾದರಿ ಹೆಚ್ಚೇನೂ ಬದಲಾಗಿಲ್ಲ.

ಕಾರಿನ ಪಕ್ಕದಲ್ಲಿ ಹತ್ತು ರೂಪಾಯಿಯ ಕೆಲವು ನೋಟುಗಳನ್ನು ಚೆಲ್ಲಿ, "ಸಾರ್, ನಿಮ್ಮ ದುಡ್ಡು ಬಿದ್ದಿದೆ" ಎನ್ನುವುದು ಒಂದು. "ಇಂಜಿನ್ನಿನಿಂದ ಆಯಿಲ್ ಸೋರುತ್ತಿದೆ", "ಹಿಂದಿನ ಚಕ್ರದಲ್ಲಿ ಗಾಳಿಯಿಲ್ಲ" ಎಂದು ಸನ್ನೆ ಮಾಡುವುದು ಇನ್ನೊಂದು. ಸಿಗ್ನಲ್ಲಿನಲ್ಲಿ ಒಬ್ಬ ಚಾಲಕನ ಬದಿಯ ಗಾಜು ತಟ್ಟಿ, ಚಕ್ರ ತನ್ನ ಕಾಲ ಮೇಲೆ ಹರಿಯಿತೆಂದು ಜಗಳ ತೆಗೆಯುತ್ತಾನೆ. ಅಷ್ಟರಲ್ಲಿ ಮತ್ತೊಬ್ಬ ಎಡಬದಿಯ ಬಾಗಿಲು ತೆರೆದು ಮೊಬೈಲ್ ಎತ್ತಿಕೊಂಡು ಹೋಗುತ್ತಾನೆ. ಇವುಗಳಲ್ಲಿ ಅತ್ಯಂತ ಅಪಾಯಕಾರಿಯಾದದ್ದು ಬ್ಯಾಂಕಿನಿಂದ ಹಿಂಬಾಲಿಸುವ ವಿಧಾನ. ನಿವೇಶನದ ನೋಂದಣಿಗೋ ಮದುವೆಯ ಖರ್ಚಿಗೋ ದೊಡ್ಡ ಮೊತ್ತದ ನಗದು ಪಡೆದವರನ್ನು ಗುರುತಿಸಿ, ನಿಲ್ಲಿಸಿದ ಕಾರಿನ ಚಕ್ರಕ್ಕೆ ಮೊಳೆ ಚುಚ್ಚಿರುತ್ತಾರೆ. ಸ್ವಲ್ಪ ದೂರ ಹೋಗಿ ಗಾಳಿ ಇಳಿದಾಗ ಮಾಲೀಕ ಚಕ್ರ ಬದಲಿಸಲು ಇಳಿಯುತ್ತಾನೆ, ಹಣದ ಚೀಲ ಆಸನದ ಮೇಲೆಯೇ ಉಳಿಯುತ್ತದೆ.

ಇವೆಲ್ಲವಕ್ಕೂ ಪರಿಹಾರ ಒಂದೇ. ದಾರಿಯಲ್ಲಿ ಅಪರಿಚಿತರು ಏನೇ ಹೇಳಲಿ, ತಕ್ಷಣ ಇಳಿಯದೆ ಪೆಟ್ರೋಲ್ ಬಂಕ್ ಅಥವಾ ಜನರಿರುವ ಜಾಗದವರೆಗೆ ನಿಧಾನವಾಗಿ ಸಾಗಿ ನಿಲ್ಲಿಸಬೇಕು. ಇಳಿಯಲೇಬೇಕಾದರೆ ಇಂಜಿನ್ ಆರಿಸಿ, ಕೀ ತೆಗೆದುಕೊಂಡು, ಹಣದ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಬಾಗಿಲುಗಳನ್ನು ಭದ್ರಪಡಿಸಿ ಇಳಿಯಬೇಕು. ದೊಡ್ಡ ಮೊತ್ತವಿದ್ದಾಗ ಇಬ್ಬರು ಹೋಗುವುದು, ಸಾಧ್ಯವಾದರೆ ನಗದಿನ ಬದಲು ಡಿಡಿ ಅಥವಾ ಖಾತೆಯಿಂದ ಖಾತೆಗೆ ವರ್ಗಾವಣೆ ಮಾಡುವುದು ಕ್ಷೇಮಕರ.

ಡಿಕ್ಕಿಯಲ್ಲಿಡುವುದಾದರೆ

ಬೆಲೆಬಾಳುವ ವಸ್ತುವನ್ನು ಜೊತೆಯಲ್ಲಿ ಒಯ್ಯುವುದೇ ಉತ್ತಮ. ಪ್ರವಾಸದಲ್ಲಿ, ದೇವಸ್ಥಾನದ ಬಳಿ, ಮದುವೆ ಮಂಟಪದ ಹೊರಗೆ ಇದು ಎಲ್ಲ ವೇಳೆಯೂ ಸಾಧ್ಯವಾಗದು. ಅಂಥಲ್ಲಿ ಸಾಮಾನನ್ನು ಹೊರಡುವ ಸ್ಥಳದಲ್ಲಿಯೇ ಡಿಕ್ಕಿಗೆ ಸೇರಿಸಬೇಕು. ತಲುಪಿದ ಮೇಲೆ ಎಲ್ಲರೆದುರು ಡಿಕ್ಕಿ ತೆರೆದು ಬ್ಯಾಗು ಇಟ್ಟು ಬೀಗ ಹಾಕುವುದೆಂದರೆ ಎಲ್ಲಿ ಹುಡುಕಬೇಕೆಂದು ತೋರಿಸಿಕೊಟ್ಟಂತೆ. ಹಿಂಬದಿಯ ಆಸನ ಮಡಚಿದರೆ ಡಿಕ್ಕಿಗೆ ದಾರಿಯಾಗುವ ಕಾರುಗಳಲ್ಲಿ ಈ ಮರೆಯೂ ಅರ್ಧದಷ್ಟೇ ಭದ್ರ.

ರಿಮೋಟ್ ಒತ್ತಿದ ಮೇಲೆ ಬಾಗಿಲಿನ ಹಿಡಿಯನ್ನು ಒಮ್ಮೆ ಎಳೆದು ನೋಡುವ ಅಭ್ಯಾಸ ಒಳ್ಳೆಯದು. ಯಾವುದಾದರೂ ಬಾಗಿಲು ಸರಿಯಾಗಿ ಮುಚ್ಚದಿದ್ದರೆ, ರಿಮೋಟಿನ ಸಂಕೇತ ತಲುಪದಿದ್ದರೆ ಅಲ್ಲಿಯೇ ಗೊತ್ತಾಗುತ್ತದೆ. ಬಾಡಿಗೆ ಕಾರು, ಟ್ಯಾಕ್ಸಿಗಳಲ್ಲಿ ಪ್ರಯಾಣಿಸುವವರು ಊಟಕ್ಕೆ ಇಳಿದಾಗ ಚಾಲಕನೂ ಊಟಕ್ಕೆ ಹೋಗುತ್ತಾನೆಂಬುದನ್ನು ಮರೆಯಬಾರದು.

ಕಾಗದಪತ್ರಗಳು: ಮೂಲವೆಲ್ಲ ಮನೆಯಲ್ಲಿರಲಿ

ಸಂದರ್ಶನಕ್ಕೆ ಹೊರಟವರ ಅಂಕಪಟ್ಟಿಗಳು, ಸಾಲಕ್ಕಾಗಿ ಬ್ಯಾಂಕಿಗೆ ಒಯ್ದ ಕ್ರಯಪತ್ರ, ವೀಸಾ ಕೆಲಸಕ್ಕೆಂದು ತಂದ ಪಾಸ್‌ಪೋರ್ಟ್ ಇವು ಕೆಲಸ ಮುಗಿದ ಮೇಲೂ ದಿನಗಟ್ಟಲೆ ಕಾರಿನಲ್ಲಿ ಓಡಾಡುವುದುಂಟು. ಮೂಲ ಕ್ರಯಪತ್ರ ಕಳೆದರೆ ಪೊಲೀಸ್ ದೂರು, ಪತ್ರಿಕಾ ಪ್ರಕಟಣೆ, ಉಪನೋಂದಣಾಧಿಕಾರಿ ಕಚೇರಿಯಿಂದ ದೃಢೀಕೃತ ನಕಲು ಎಂದು ಅಲೆಯಬೇಕಾಗುತ್ತದೆ. ಇಷ್ಟಾದರೂ ಮುಂದೆ ಆ ಆಸ್ತಿಯ ಮೇಲೆ ಸಾಲ ಕೇಳಿದಾಗ ಮೂಲವೆಲ್ಲಿ ಎಂಬ ಪ್ರಶ್ನೆ ಮತ್ತೆ ಏಳುತ್ತದೆ.

ವಾಹನದ ದಾಖಲೆಗಳಿಗೂ ಮೂಲ ಪ್ರತಿಗಳನ್ನು ಕಾರಿನಲ್ಲಿಡಬೇಕಾದ ಅಗತ್ಯ ಈಗಿಲ್ಲ. 2018ರ ನವೆಂಬರ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮ 139ಕ್ಕೆ ತಂದ ತಿದ್ದುಪಡಿಯಂತೆ ಆರ್‌ಸಿ, ವಿಮೆ, ಚಾಲನಾ ಪರವಾನಗಿ ಹಾಗೂ ಹೊಗೆ ತಪಾಸಣಾ ಪ್ರಮಾಣಪತ್ರಗಳನ್ನು ವಿದ್ಯುನ್ಮಾನ ರೂಪದಲ್ಲಿಯೂ ತೋರಿಸಬಹುದು. ಡಿಜಿಲಾಕರ್, ಎಂಪರಿವಾಹನ್ ಆ್ಯಪ್‌ಗಳಲ್ಲಿ ಇವು ದೊರೆಯುತ್ತವೆ. ಗುರುತಿನ ಚೀಟಿ ಬೇಕಾದೆಡೆ ಆಧಾರ್‌ನ ಕೊನೆಯ ನಾಲ್ಕು ಅಂಕೆಗಳಷ್ಟೇ ಕಾಣುವ ಮಾಸ್ಕ್ಡ್ ಪ್ರತಿಯನ್ನು ಬಳಸಬಹುದು.

ಎಲ್ಲಕ್ಕಿಂತ ಗಂಭೀರವಾದದ್ದು ವಿಳಾಸ ಹಾಗೂ ಬೀಗದ ಕೈ ಒಂದೇ ಕಡೆ ಇರುವುದು. ಆರ್‌ಸಿ ಪ್ರತಿಯಲ್ಲೋ ವಿದ್ಯುತ್ ಬಿಲ್ಲಿನಲ್ಲೋ ಮನೆಯ ವಿಳಾಸವಿರುತ್ತದೆ, ಅದೇ ಬ್ಯಾಗಿನಲ್ಲಿ ಮನೆಯ ಬೀಗದ ಕೈ ಇರುತ್ತದೆ. ಮನೆಯವರು ಠಾಣೆಯಲ್ಲಿ ದೂರು ಬರೆಸುತ್ತಿರುವಾಗ ಮನೆಯೇ ಬರಿದಾಗಲು ಇಷ್ಟು ಸಾಕು.

ಮೊಬೈಲ್, ಲ್ಯಾಪ್‌ಟಾಪ್‌ಗಳ ಪೂರ್ವಸಿದ್ಧತೆ

ಮೊಬೈಲಿಗೆ ಸ್ಕ್ರೀನ್ ಲಾಕ್ ಇದ್ದರೂ ಒಳಗಿನ ಸಿಮ್ಮನ್ನು ತೆಗೆದು ಬೇರೆ ಮೊಬೈಲಿಗೆ ಹಾಕಿದರೆ ಬ್ಯಾಂಕಿನ ಒಟಿಪಿಗಳು ಕಳ್ಳನಿಗೆ ತಲುಪುತ್ತವೆ. ಇದನ್ನು ತಡೆಯಲು ಸೆಟ್ಟಿಂಗ್ಸ್‌ನಲ್ಲಿ ಸಿಮ್ ಪಿನ್ ಹಾಕಿಕೊಳ್ಳಬೇಕು. ಸಂದೇಶಗಳು ಲಾಕ್ ಪರದೆಯ ಮೇಲೆ ಕಾಣದಂತೆ ಮಾಡುವುದೂ ಅಷ್ಟೇ ಮುಖ್ಯ. *#06# ಒತ್ತಿದರೆ ಬರುವ 15 ಅಂಕೆಗಳ ಐಎಂಇಐ ಸಂಖ್ಯೆಯನ್ನು ಮನೆಯಲ್ಲಿ ಬರೆದಿಡಬೇಕು.

ಲ್ಯಾಪ್‌ಟಾಪಿಗೆ ಪಾಸ್‌ವರ್ಡ್ ಇದ್ದ ಮಾತ್ರಕ್ಕೆ ಅದರಲ್ಲಿನ ಕಡತಗಳು ಸುರಕ್ಷಿತವಲ್ಲ, ಡಿಸ್ಕನ್ನೇ ಬಿಚ್ಚಿ ಓದಬಹುದು. ವಿಂಡೋಸ್‌ನ ಬಿಟ್‌ಲಾಕರ್, ಮ್ಯಾಕ್‌ನ ಫೈಲ್‌ವಾಲ್ಟ್‌ನಂಥ ಗೂಢಲಿಪೀಕರಣ ಸೌಲಭ್ಯ ಚಾಲನೆಯಲ್ಲಿದ್ದರೆ ಕಳ್ಳನಿಗೆ ದಕ್ಕುವುದು ಯಂತ್ರವಷ್ಟೇ.

ಬ್ಯಾಂಕ್ ಕಾರ್ಡುಗಳ ವಿಷಯದಲ್ಲಿಯೂ ಎಚ್ಚರ ಬೇಕು. 2021ರ ಜನವರಿಯಿಂದ 5,000 ರೂ.ವರೆಗಿನ ಸ್ಪರ್ಶರಹಿತ ಪಾವತಿಗೆ ಪಿನ್ ಬೇಕಿಲ್ಲ. ಅಗತ್ಯವಿಲ್ಲದವರು ಈ ಸೌಲಭ್ಯವನ್ನು ಬ್ಯಾಂಕಿನ ಆ್ಯಪ್‌ನಲ್ಲಿ ನಿಲ್ಲಿಸಿಡಬಹುದು. ಫಾಸ್ಟ್ಯಾಗ್ ಕುರಿತ ಭೀತಿಗೆ ಮಾತ್ರ ಆಧಾರವಿಲ್ಲ. ಗಾಜು ಒರೆಸುವ ಹುಡುಗ ಕೈಗಡಿಯಾರದಿಂದ ಹಣ ಎಳೆದುಕೊಂಡನೆಂಬ ವಿಡಿಯೊ 2022ರಲ್ಲಿ ಹರಿದಾಡಿದಾಗ, ಫಾಸ್ಟ್ಯಾಗ್ ಹಣ ವ್ಯಕ್ತಿಗಳಿಗೆ ವರ್ಗಾವಣೆಯಾಗುವುದಿಲ್ಲ ಎಂದು ರಾಷ್ಟ್ರೀಯ ಪಾವತಿ ನಿಗಮ ಸ್ಪಷ್ಟಪಡಿಸಿತ್ತು.

ಕಾರೇ ನೆನಪಿಟ್ಟುಕೊಂಡದ್ದು

ಬ್ಲೂಟೂತ್ ಮೂಲಕ ಮೊಬೈಲನ್ನು ಕಾರಿಗೆ ಜೋಡಿಸಿದಾಗ ಸಂಪರ್ಕ ಸಂಖ್ಯೆಗಳು, ಕರೆಗಳ ಪಟ್ಟಿ, ನಕ್ಷೆಯಲ್ಲಿ ಗುರುತಿಸಿದ ಮನೆ ಹಾಗೂ ಕಚೇರಿಯ ವಿಳಾಸಗಳು ಕಾರಿನ ಪರದೆಯ ಹಿಂದಿನ ಯಂತ್ರದಲ್ಲಿ ಉಳಿಯಬಹುದು. ಕಾರು ಮಾರುವಾಗ, ಬಾಡಿಗೆ ಕಾರನ್ನು ಹಿಂದಿರುಗಿಸುವಾಗ ಇವನ್ನು ಅಳಿಸಬೇಕು. ಮಾರಿದ ಕಾರಿನ ಫಾಸ್ಟ್ಯಾಗನ್ನೂ ಬ್ಯಾಂಕಿಗೆ ತಿಳಿಸಿ ಮುಚ್ಚಿಸಬೇಕು.

ಹೋಟೆಲುಗಳಲ್ಲಿ ವ್ಯಾಲೆ ಸಿಬ್ಬಂದಿಗೆ ಕಾರು ಒಪ್ಪಿಸುವಾಗ ಕಾರಿನ ಕೀಯೊಂದನ್ನೇ ಕೊಟ್ಟು, ಗೊಂಚಲಿನ ಉಳಿದ ಬೀಗದ ಕೈಗಳನ್ನು ತೆಗೆದಿಟ್ಟುಕೊಳ್ಳಬೇಕು. "ಮಾಲೀಕರ ಜವಾಬ್ದಾರಿ" ಎಂಬ ಫಲಕ ಹಾಕಿದ ಮಾತ್ರಕ್ಕೆ ತನ್ನ ನಿರ್ಲಕ್ಷ್ಯದಿಂದ ವಾಹನ ಕಳವಾದಾಗ ಹೋಟೆಲು ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ ಎಂದು ದೆಹಲಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ನವೆಂಬರ್‌ನಲ್ಲಿ ತೀರ್ಪಿತ್ತಿದೆ. ಆ ತೀರ್ಪು ಕಾರಿನ ಕುರಿತಾದದ್ದು. ಒಳಗೆ ಏನಿತ್ತೆಂದು ಸಾಬೀತು ಮಾಡುವುದು ಸುಲಭವಲ್ಲ.

ಕಳವಾದ ಮೇಲೆ ಮೊದಲ ಗಂಟೆ

ಗಾಜು ಒಡೆದದ್ದನ್ನು ಕಂಡೊಡನೆ ದಿಕ್ಕು ತೋಚದಿರುವುದು ಸಹಜ. ಈ ಕ್ರಮವನ್ನು ನೆನಪಿಟ್ಟರೆ ನಷ್ಟ ಹಿಗ್ಗುವುದನ್ನು ತಡೆಯಬಹುದು.

1. ಕಾರಿನ ಹಿಡಿ, ಗಾಜುಗಳನ್ನು ಮುಟ್ಟದೆ ಫೋಟೊ ತೆಗೆದು 112ಕ್ಕೆ ಕರೆ ಮಾಡಬೇಕು. ಸುತ್ತಲಿನ ಅಂಗಡಿಗಳ ಸಿಸಿಟಿವಿ ಕ್ಯಾಮೆರಾಗಳನ್ನು ಗುರುತಿಸಿಕೊಳ್ಳಬೇಕು.

2. ಬೀಗದ ಕೈ ಹೋಗಿದ್ದರೆ ಮನೆಗೆ ಅಥವಾ ನೆರೆಯವರಿಗೆ ತಿಳಿಸಿ, ಅದೇ ದಿನ ಬೀಗ ಬದಲಿಸಬೇಕು.

3. ಬೇರೊಬ್ಬರ ಮೊಬೈಲಿನಿಂದ ಸಿಮ್, ಕಾರ್ಡುಗಳು ಹಾಗೂ ಯುಪಿಐ ಸ್ಥಗಿತಗೊಳಿಸಬೇಕು. ಚೆಕ್‌ಬುಕ್ ಇದ್ದಲ್ಲಿ ಪಾವತಿ ತಡೆಗೆ ಸೂಚಿಸಬೇಕು. ಕಾರ್ಡು ಕಳೆದುದನ್ನು ಬ್ಯಾಂಕಿಗೆ ತಿಳಿಸಲು ತಡವಾದಷ್ಟೂ ಗ್ರಾಹಕರ ಹೊಣೆ ಹೆಚ್ಚುತ್ತದೆ. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು.

4. ಮೊದಲು ಇ-ಮೇಲ್ ಪಾಸ್‌ವರ್ಡ್ ಬದಲಿಸಬೇಕು. ಉಳಿದ ಹೆಚ್ಚಿನ ಖಾತೆಗಳ ಕೀಲಿಕೈ ಅದೇ. ಕಚೇರಿಯ ಲ್ಯಾಪ್‌ಟಾಪ್ ಆಗಿದ್ದರೆ ಸಂಕೋಚಪಡದೆ ಕಚೇರಿಗೆ ತಿಳಿಸಬೇಕು. ಅದರಲ್ಲಿರುವುದು ಒಬ್ಬರ ಮಾಹಿತಿಯಷ್ಟೇ ಅಲ್ಲ.

5. ಠಾಣೆಯಲ್ಲಿ ಎಫ್‌ಐಆರ್ ದಾಖಲಿಸಿ ಪ್ರತಿ ಪಡೆಯಬೇಕು. ಕಳವಾದ ಸಾಮಾನಿನ ಜೊತೆಗೆ ಪ್ರತಿಯೊಂದು ದಾಖಲೆಯ ಹೆಸರು, ಸಂಖ್ಯೆಗಳನ್ನೂ ದೂರಿನಲ್ಲಿ ಬರೆಸಬೇಕು. ಮುಂದೆ ನಕಲು ಪ್ರತಿ ಕೇಳುವಾಗಲೂ, ದಾಖಲೆ ದುರ್ಬಳಕೆಯಾದಾಗಲೂ ಆಧಾರವಾಗುವುದು ಇದೇ. ದಾಖಲೆ ಕಳೆದುಹೋದುದಕ್ಕೆಂದು ಇರುವ ಇ-ಲಾಸ್ಟ್ ಸೌಲಭ್ಯ ಕಳವಿಗೆ ಸಲ್ಲದು.

6. ಪೊಲೀಸ್ ದೂರಿನ ಪ್ರತಿಯೊಂದಿಗೆ ಸಂಚಾರ್ ಸಾಥಿ ತಾಣದ ಸಿಇಐಆರ್ ವಿಭಾಗದಲ್ಲಿ ಐಎಂಇಐ ಸಂಖ್ಯೆ ನೀಡಿದರೆ ದೇಶದ ಯಾವ ಜಾಲದಲ್ಲಿಯೂ ಆ ಮೊಬೈಲ್ ಕೆಲಸ ಮಾಡದಂತೆ ತಡೆಯಬಹುದು. ಆಧಾರ್‌ನ ಬಯೊಮೆಟ್ರಿಕ್ ಬೀಗ ಹಾಕಲು ಎಂಆಧಾರ್ ಆ್ಯಪ್ ಅಥವಾ ಪ್ರಾಧಿಕಾರದ ಜಾಲತಾಣವಿದೆ.

ಕಾನೂನು, ವಿಮೆ

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಡಿ ಕಳವಿಗೆ 3 ವರ್ಷಗಳವರೆಗೆ ಶಿಕ್ಷೆಯಿದೆ. ಸರಕು ಅಥವಾ ಪ್ರಯಾಣಿಕರನ್ನು ಸಾಗಿಸುವ ವಾಹನದೊಳಗಿನ ವಸ್ತುಗಳ ಕಳವು 305ನೇ ಕಲಮಿನಡಿ ಬರುತ್ತದೆ, ಅದಕ್ಕೆ 7 ವರ್ಷಗಳವರೆಗೆ ಶಿಕ್ಷೆ ಸಾಧ್ಯ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಕೃತ್ಯ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ನೀಡಬಹುದು. ವಿದ್ಯುನ್ಮಾನ ರೂಪದಲ್ಲಿ ಕಳುಹಿಸಿದರೆ 3 ದಿನಗಳೊಳಗೆ ಸಹಿ ಮಾಡಬೇಕು. ಎಫ್‌ಐಆರ್ ಪ್ರತಿ ಉಚಿತ. ಮೈಸೂರಿನವರ ಬ್ಯಾಗು ಬೆಂಗಳೂರಿನಲ್ಲಿ ಕಳವಾಗಿ, ಊರು ತಲುಪಿದ ಮೇಲೆ ಗೊತ್ತಾದರೂ ದೂರು ನೀಡಲು ಮರಳಿ ಹೋಗಬೇಕಿಲ್ಲ.

ಕಾರಿನ ಸಮಗ್ರ ವಿಮೆ ಒಡೆದ ಗಾಜಿಗೆ ಸಾಮಾನ್ಯವಾಗಿ ಪರಿಹಾರ ನೀಡುತ್ತದೆ. ಒಳಗಿದ್ದ ಸ್ವಂತ ವಸ್ತುಗಳಿಗೆ ಪ್ರತ್ಯೇಕ ಹೆಚ್ಚುವರಿ ರಕ್ಷಣೆ ಕೊಂಡಿರದಿದ್ದರೆ ಪರಿಹಾರ ಸಿಗುವುದಿಲ್ಲ. ಕೀ ಬದಲಾವಣೆಗೂ ಇಂಥದೇ ಹೆಚ್ಚುವರಿ ಪಾಲಿಸಿಗಳಿವೆ. ಮೂಲ ಅಂಕಪಟ್ಟಿಗೆ, ಕ್ರಯಪತ್ರಕ್ಕೆ ಬೆಲೆ ಕಟ್ಟುವ ಪಾಲಿಸಿ ಮಾತ್ರ ಸಿಗಲಾರದು. ಕಾರಿನಿಂದ ಇಳಿಯುವ ಮುನ್ನ ಹಿಂಬದಿಯ ಆಸನದ ಕಡೆ ಒಮ್ಮೆ ತಿರುಗಿ ನೋಡಲು ಹಿಡಿಯುವುದು ಅರೆ ನಿಮಿಷ.