ಸೀಳಿದ ಕ್ಯಾನ್ವಾಸ್: ಲೂಚಿಯೊ ಫಾಂಟಾನಾ (1899–1968)

ಅರ್ಜೆಂಟೀನಾದ ರೊಸಾರಿಯೊದಲ್ಲಿ ಹುಟ್ಟಿ ಇಟಲಿಯ ಮಿಲಾನ್‌ನಲ್ಲಿ ಬೆಳೆದ ಲೂಚಿಯೊ ಫಾಂಟಾನಾ ಮೂಲತಃ ಶಿಲ್ಪಿ. ಚಿತ್ರದ ಮೇಲ್ಮೈಯನ್ನೂ ಅವರು ಶಿಲ್ಪಿಯ ಕಣ್ಣಿನಿಂದಲೇ ಕಂಡರು. ಶತಮಾನಗಳಿಂದ ಯುರೋಪಿನ ಚಿತ್ರಕಾರರು ಚಪ್ಪಟೆ ಬಟ್ಟೆಯ ಮೇಲೆ ಆಳದ ಭ್ರಮೆಯನ್ನು ಹುಟ್ಟಿಸುತ್ತ ಬಂದಿದ್ದರು. ಫಾಂಟಾನಾ ಅವರಿಗೆ ಬೇಕಾದದ್ದು ನಿಜವಾದ ಆಳ. 1949ರಲ್ಲಿ ಅವರು ಕ್ಯಾನ್ವಾಸಿಗೆ ತೂತು ಕೊರೆದರು. 1958ರಿಂದ ಅದನ್ನು ಸೀಳತೊಡಗಿದರು.

ಈ ಸೀಳುಗಳಲ್ಲಿ ಆವೇಶವಿಲ್ಲ, ನಾಶದ ಉದ್ದೇಶವಂತೂ ಇಲ್ಲವೇ ಇಲ್ಲ. ಒಂದೇ ಬಣ್ಣವನ್ನು ಸಮನಾಗಿ ಬಳಿದ ಕ್ಯಾನ್ವಾಸನ್ನು ಹರಿತವಾದ ಅಲಗಿನಿಂದ ಮೇಲಿನಿಂದ ಕೆಳಕ್ಕೆ ಕತ್ತರಿಸಿ, ಅಂಚುಗಳನ್ನು ಕೈಯಿಂದ ಮೆಲ್ಲನೆ ಬಾಗಿಸಿ, ಹಿಂಬದಿಗೆ ಕಪ್ಪು ಜಾಳು ಬಟ್ಟೆಯನ್ನು ಅಂಟಿಸುತ್ತಿದ್ದರು. ಹೀಗಾಗಿ ಸೀಳಿನಾಚೆ ಗೋಡೆ ಕಾಣದು, ಬರೀ ಕತ್ತಲು. ಬೆಳಕು ಸರಿದಂತೆ ಬಾಗಿದ ಅಂಚಿನ ನೆರಳೂ ಸರಿಯುತ್ತದೆ. ಇಂಥ ಕೃತಿಯನ್ನು ಎದುರಿನಿಂದ ಮಾತ್ರವಲ್ಲ, ಪಕ್ಕಕ್ಕೆ ಸರಿದೂ ನೋಡಬೇಕು. ಛಾಯಾಚಿತ್ರದಲ್ಲಿ ಇದರ ಅರ್ಧದಷ್ಟೂ ದಕ್ಕುವುದಿಲ್ಲ.

1966ರ ವೆನಿಸ್ ಬಿನಾಲೆಗಾಗಿ ವಾಸ್ತುಶಿಲ್ಪಿ ಕಾರ್ಲೊ ಸ್ಕಾರ್ಪಾ ಅವರೊಂದಿಗೆ ಸೇರಿ ಫಾಂಟಾನಾ ಬಿಳಿಯ ಆವರಣವೊಂದನ್ನು ರೂಪಿಸಿದರು. ಅಲ್ಲಿದ್ದ ಬಿಳಿ ಕ್ಯಾನ್ವಾಸುಗಳಲ್ಲಿ ತಲಾ ಒಂದೇ ಸೀಳು. ಆ ವರ್ಷದ ಚಿತ್ರಕಲಾ ಪ್ರಶಸ್ತಿ ಅವರಿಗೆ ಸಂದಿತು.